ನಾಲ್ವರ ಸವಾರಿ, ಮೂರನೆಯವನ ಸಮಯ

ಅದಿರು ಲಾರಿಗಳ ಓಡಾಟದಿಂದ ಕೆಂಪಡರಿದ ಹೊಸಪೇಟೆ–ಸಂಡೂರು ರಸ್ತೆಯ ಅಂಚಿನಲ್ಲಿ, ನಸುಕಿನ ಹೊತ್ತಿಗೆ, ಒಬ್ಬರ ಹಿಂದೊಬ್ಬರಂತೆ ಸಾಗುವ ಸೈಕಲ್ ಸವಾರರ ಸಣ್ಣ ಸಾಲು ಕಾಣಿಸಿಕೊಳ್ಳುವುದುಂಟು. ಲಾರಿ ಚಾಲಕನಿಗೆ ಅದೊಂದು ಅಡಚಣೆ. ಅಂಗಡಿಯ ಬಾಗಿಲೆತ್ತುತ್ತಿರುವ ವರ್ತಕನಿಗೆ ಉಳ್ಳವರ ಹವ್ಯಾಸ. ಈ ಎರಡು ಅಭಿಪ್ರಾಯಗಳಲ್ಲೂ ಸತ್ಯಾಂಶ ಇಲ್ಲದಿಲ್ಲ. ಆದರೆ ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಗಳನ್ನು ಒಳಗೊಂಡ ಈ ಪ್ರದೇಶದಲ್ಲಿ ಹವ್ಯಾಸಿಗಳ ರಸ್ತೆ ಸೈಕಲ್ ಸ್ಪರ್ಧೆಯೊಂದು ಪ್ರತಿವರ್ಷ ನಡೆಯಬೇಕು, ಅದರ ಹೊಣೆಯನ್ನು ಸ್ಥಳೀಯ ವ್ಯಾಪಾರಿಗಳು ಮತ್ತು ಸಣ್ಣ ಕೈಗಾರಿಕೋದ್ಯಮಿಗಳೇ ಹೊರಬೇಕು, ಮತ್ತು ಅದು ಒಬ್ಬ ವಿಜೇತನಿಗೆ ಹಾರ ಹಾಕುವ ಸ್ಪರ್ಧೆಯಾಗದೆ ತಂಡಗಳ ಸ್ಪರ್ಧೆಯಾಗಬೇಕು ಎಂಬ ವಿಚಾರ ಗಂಭೀರ ಪರಿಶೀಲನೆಗೆ ಅರ್ಹವಾಗಿದೆ. ಇಲ್ಲಿ ಕ್ರೀಡಾಪ್ರೇಮಕ್ಕಿಂತ ಹೆಚ್ಚಿನದು ಅಡಗಿದೆ. ರಸ್ತೆ ಯಾರದು, ಅದು ಎಷ್ಟು ಹೊತ್ತು ಯಾರಿಗೆ ಸಿಗಬೇಕು ಎಂಬ ಪ್ರಶ್ನೆಯೂ ಅಡಗಿದೆ. ಅದಕ್ಕೆ ಉತ್ತರಿಸಬೇಕಾದವರು ಬಹುಮಟ್ಟಿಗೆ ಈ ಪತ್ರಿಕೆಯ ಓದುಗರೇ.

ಮೊದಲು ಈ ಸ್ಪರ್ಧೆಯ ಒಳಮರ್ಮವನ್ನು ತಿಳಿಯುವುದು ಅವಶ್ಯ. ಸೈಕಲ್ ಸ್ಪರ್ಧೆ ಎಂದರೆ ಕಾಲಿನ ಬಲ ಹೆಚ್ಚಿರುವವನು ಗೆಲ್ಲುವ ಆಟ ಎಂಬುದು ಸಾಮಾನ್ಯ ಕಲ್ಪನೆ. ಅದು ಅರ್ಧ ಮಾತ್ರ ನಿಜ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 35ರಿಂದ 40 ಕಿ.ಮೀ. ವೇಗದಲ್ಲಿ ಸಾಗುವ ಸವಾರನ ಶಕ್ತಿಯ ಬಹುಪಾಲು ವ್ಯಯವಾಗುವುದು ಎದುರಿನ ಗಾಳಿಯನ್ನು ಸೀಳುವುದಕ್ಕೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗವನ್ನು ಶೇಕಡ 10ರಷ್ಟು ಹೆಚ್ಚಿಸಬೇಕಾದರೆ ಗಾಳಿಯ ವಿರುದ್ಧ ಖರ್ಚಾಗುವ ಶಕ್ತಿ ಶೇಕಡ 33ರಷ್ಟು ಹೆಚ್ಚಬೇಕು. ಒಬ್ಬಂಟಿಗನಿಗೆ ಇದು ನಷ್ಟದ ವ್ಯವಹಾರ. ಆದರೆ ಮುಂದಿನವನ ಹಿಂದಿನ ಚಕ್ರಕ್ಕೆ ಗೇಣಂತರದಲ್ಲಿ ತನ್ನ ಮುಂದಿನ ಚಕ್ರವನ್ನು ಇಟ್ಟುಕೊಂಡು ಸಾಗುವವನಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿತಾಯವಾಗುತ್ತದೆ. ಮುಂದಿರುವವನು ಅರ್ಧ ನಿಮಿಷವೋ ಒಂದು ನಿಮಿಷವೋ ಗಾಳಿಯನ್ನು ಎದುರಿಸಿ, ಪಕ್ಕಕ್ಕೆ ಸರಿದು, ಸಾಲಿನ ಕೊನೆಗೆ ಬಂದು ಸೇರಿಕೊಳ್ಳುತ್ತಾನೆ, ಎರಡನೆಯವನು ಮುಂದಾಗುತ್ತಾನೆ. ಹೀಗೆ ಸರದಿಯ ಮೇಲೆ ಭಾರ ಹಂಚಿಕೊಂಡ ನಾಲ್ವರು, ಅವರಲ್ಲಿ ಅತ್ಯಂತ ಬಲಶಾಲಿಯಾದವನು ಏಕಾಂಗಿಯಾಗಿ ಸಾಧಿಸಲಾಗದ ವೇಗವನ್ನು ಗಂಟೆಗಟ್ಟಲೆ ಕಾಯ್ದುಕೊಳ್ಳಬಲ್ಲರು.

ಈ ತತ್ವವನ್ನೇ ಶುದ್ಧ ರೂಪದಲ್ಲಿ ಪರೀಕ್ಷೆಗೊಡ್ಡುವುದು ತಂಡ ಸಮಯ ಸ್ಪರ್ಧೆ. 1960ರಿಂದ 1992ರವರೆಗೆ ಒಲಿಂಪಿಕ್ ಕ್ರೀಡಾಕೂಟದಲ್ಲಿ ನಾಲ್ವರ ತಂಡಕ್ಕೆ 100 ಕಿ.ಮೀ. ದೂರದ ಇಂತಹ ಸ್ಪರ್ಧೆಯಿತ್ತು. ತಂಡಗಳು ಕೆಲವು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹೊರಡುತ್ತಿದ್ದವು. ಗುರಿ ಮುಟ್ಟಿದ ಮೊದಲನೆಯವನ ಸಮಯವನ್ನು ಯಾರೂ ಕೇಳುತ್ತಿರಲಿಲ್ಲ. ಮೂರನೆಯವನು ಗೆರೆ ದಾಟಿದ ಕ್ಷಣವೇ ತಂಡದ ಸಮಯ. ನಾಲ್ವರಲ್ಲಿ ಒಬ್ಬ ಬಸವಳಿದು ಹಿಂದೆ ಬೀಳಬಹುದು, ಅಷ್ಟಕ್ಕೆ ಅವಕಾಶವಿದೆ; ಇಬ್ಬರು ಬಿದ್ದರೆ ಲೆಕ್ಕ ಕೆಟ್ಟಿತು. ಇಂತಹ ಸ್ಪರ್ಧೆಯಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಬಲಶಾಲಿಯಾದವನು ತನ್ನ ಸರದಿ ಬಂದಾಗ ಹುಮ್ಮಸ್ಸಿನಿಂದ ವೇಗ ಹೆಚ್ಚಿಸುತ್ತಾನೆ. ಹಿಂದಿನ ದುರ್ಬಲನ ಚಕ್ರ ಒಂದು ಗೇಣಿನಿಂದ ಒಂದು ಮಾರು ದೂರವಾಗುತ್ತದೆ. ಅಲ್ಲಿಂದಾಚೆ ಅವನಿಗೆ ಗಾಳಿಯ ಆಸರೆ ತಪ್ಪಿ, ಹತ್ತು ನಿಮಿಷದಲ್ಲಿ ಅವನು ಸಾಲಿನಿಂದ ಕಳಚಿಕೊಳ್ಳುತ್ತಾನೆ. ಬಲ್ಲ ಸವಾರ ಹಾಗೆ ಮಾಡುವುದಿಲ್ಲ. ಅವನು ವೇಗವನ್ನು ಹಾಗೆಯೇ ಉಳಿಸಿಕೊಂಡು, ಇತರರು ಅರ್ಧ ನಿಮಿಷ ಮುಂದಿದ್ದರೆ ತಾನು ಒಂದೂವರೆ ನಿಮಿಷ ಮುಂದಿರುತ್ತಾನೆ. ಬಲವಿದ್ದವನು ಹೆಚ್ಚು ಹೊತ್ತು ಎಳೆಯಬೇಕು, ಹೆಚ್ಚು ಜೋರಾಗಿ ಎಳೆಯಬಾರದು. ಪಾಲುದಾರಿಕೆ ಸಂಸ್ಥೆಗಳ ವಿಸರ್ಜನಾ ಪತ್ರಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾಣಿಜ್ಯಕ್ಕೂ ರಸ್ತೆ ಸೈಕಲ್ ಸ್ಪರ್ಧೆಗೂ ಇರುವ ನಂಟು ಇಂದಿನದಲ್ಲ. ಜಗತ್ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಹುಟ್ಟಿದ್ದೇ ವ್ಯಾಪಾರದ ಪೈಪೋಟಿಯಿಂದ. ಪ್ಯಾರಿಸ್ಸಿನಲ್ಲಿ ಲೆ ವೆಲೋ ಎಂಬ ಕ್ರೀಡಾ ಪತ್ರಿಕೆಯ ಏಕಸ್ವಾಮ್ಯದಿಂದ ಬೇಸತ್ತ ಕೆಲವು ತಯಾರಕರು, ರಾಜಕೀಯ ಮನಸ್ತಾಪವೂ ಸೇರಿ, ಪ್ರತಿಸ್ಪರ್ಧಿ ಪತ್ರಿಕೆಗೆ ಬಂಡವಾಳ ಹೂಡಿದರು. ಅದೇ ಲೋಟೊ. ಅದರ ಪ್ರಸಾರ ಕುಂಟುತ್ತಿದ್ದಾಗ ಸಂಪಾದಕ ಆನ್ರಿ ದೆಗ್ರಾಂಜ್ ತನ್ನ ಕಿರಿಯ ವರದಿಗಾರನ ಸಲಹೆಯಂತೆ 1903ರ ಜುಲೈ 1ರಂದು ದೇಶ ಸುತ್ತುವ ಸ್ಪರ್ಧೆಯನ್ನು ಆರಂಭಿಸಿದ. ಆರು ಹಂತ, ಸುಮಾರು 2,428 ಕಿ.ಮೀ.; ಹೊರಟವರು 60 ಮಂದಿ, ಮುಗಿಸಿದವರು 21. ಪತ್ರಿಕೆಯ ಪ್ರಸಾರ ದುಪ್ಪಟ್ಟಿಗೂ ಮೀರಿ ಬೆಳೆಯಿತು. ಮರುವರ್ಷ ಲೆ ವೆಲೋ ಬಾಗಿಲು ಮುಚ್ಚಿತು. ಮುನ್ನಡೆಯಲ್ಲಿರುವವನು 1919ರಿಂದ ಧರಿಸುವ ಹಳದಿ ಅಂಗಿಯ ಬಣ್ಣ ಆ ಪತ್ರಿಕೆಯ ಕಾಗದದ ಬಣ್ಣವೇ. ಆದರೆ ಇದೇ ದೆಗ್ರಾಂಜ್ ತಂಡವಾಗಿ ಸವಾರಿ ಮಾಡುವುದನ್ನು ಬಹುಕಾಲ ಒಪ್ಪಲಿಲ್ಲ. 1911ರಲ್ಲಿ ಮತ್ತೊಬ್ಬನಿಗಾಗಿ ತನ್ನ ಶ್ರಮವನ್ನು ಧಾರೆಯೆರೆದ ಮಾರಿಸ್ ಬ್ರೊಕೊ ಎಂಬ ಸವಾರನನ್ನು ‘ಮನೆಯಾಳು’ ಎಂಬರ್ಥದ ಪದದಿಂದ ಹೀಯಾಳಿಸಿದ. ಆ ಬೈಗುಳವೇ ಇಂದು ಆ ಕ್ರೀಡೆಯಲ್ಲಿ ಗೌರವದ ಹುದ್ದೆಯ ಹೆಸರಾಗಿದೆ. ನಾಯಕನಿಗೆ ನೀರಿನ ಬಾಟಲಿ ತಂದುಕೊಡುವವನು, ಗಾಳಿಗೆ ಅಡ್ಡ ನಿಲ್ಲುವವನು, ಚಕ್ರ ಕೆಟ್ಟಾಗ ತನ್ನ ಚಕ್ರವನ್ನೇ ಕಳಚಿಕೊಡುವವನು ಅವನೇ. ಗೆದ್ದ ನಾಯಕ ತನ್ನ ಬಹುಮಾನದ ಹಣವನ್ನು ಈ ಸಂಗಡಿಗರಿಗೆ ಹಂಚಿಬಿಡುವುದು ಅಲ್ಲಿನ ಸಂಪ್ರದಾಯ.

ಇನ್ನೊಂದು ಉದಾಹರಣೆಯೂ ವ್ಯಾಪಾರಿಗಳಿಗೆ ರುಚಿಸೀತು. ಮೊದಲಿಗೆ ತಂಡಗಳನ್ನು ಸಾಕುತ್ತಿದ್ದವರು ಸೈಕಲ್ ತಯಾರಕರು. ಎರಡನೆಯ ಮಹಾಯುದ್ಧದ ನಂತರ ಇಟಲಿಯಲ್ಲಿ ಸ್ಕೂಟರ್ ಬಂದು ಸೈಕಲ್ ಮಾರಾಟ ಕುಸಿದಾಗ, ಹಣದ ಮೂಲ ಬತ್ತಿತು. 1954ರಲ್ಲಿ ಫಿಯೊರೆಂಜೊ ಮಾಂಯಿ ಎಂಬ ಸವಾರ ಸೈಕಲ್ಲಿಗೆ ಸಂಬಂಧವೇ ಇಲ್ಲದ ನಿವಿಯಾ ಎಂಬ ಚರ್ಮದ ಕ್ರೀಮಿನ ಕಂಪನಿಯನ್ನು ಪ್ರಾಯೋಜಕನನ್ನಾಗಿ ಕರೆತಂದ. ಅಂದು ಹುಬ್ಬೇರಿಸಿದವರು ಅನೇಕರು. ಇಂದು ಅಲ್ಲಿ ಬ್ಯಾಂಕು, ವಿಮೆ, ಸೂಪರ್ ಮಾರ್ಕೆಟ್ಟುಗಳ ಹೆಸರಿಲ್ಲದ ಅಂಗಿಯೇ ಇಲ್ಲ.

ಕರ್ನಾಟಕಕ್ಕೆ ಬಂದರೆ ಈ ಕ್ರೀಡೆಯ ಎರಡು ಪ್ರತ್ಯೇಕ ಪ್ರವಾಹಗಳು ಕಾಣುತ್ತವೆ. ಒಂದು, ವಿಜಯಪುರ–ಬಾಗಲಕೋಟೆಗಳದು. ಜಾತ್ರೆಗಳಲ್ಲಿ ಕುಸ್ತಿ, ಗುಂಡು ಎತ್ತುವುದು, ಬಂಡಿ ಓಟಗಳ ಜೊತೆಗೆ ಸೈಕಲ್ ಸ್ಪರ್ಧೆಯನ್ನೂ ಏರ್ಪಡಿಸುವ ಪರಿಪಾಠ ಆ ಭಾಗದಲ್ಲಿ ಹಳೆಯದು. ಅಲ್ಲಿನ ಕ್ರೀಡಾ ವಸತಿನಿಲಯಗಳಿಂದ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾಶಾಲೆಯಿಂದ ರೈತರ, ಕೂಲಿಕಾರರ ಮಕ್ಕಳು ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ವಿಜಯಪುರದ ವೆಲೋಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದಾಗಲೂ ಅವರು ಹೆದ್ದಾರಿಯನ್ನೇ ಅಭ್ಯಾಸದ ಅಂಗಳವನ್ನಾಗಿಸಿಕೊಂಡರು. ಎರಡನೆಯದು ಬೆಂಗಳೂರಿನದು. ಅಲ್ಲಿ ಕಚೇರಿ ಕೆಲಸದ ನಡುವೆ ಸೈಕಲ್ ತುಳಿಯುವ ಹವ್ಯಾಸಿಗಳು ಬೆಂಗಳೂರು ಬೈಸಿಕಲ್ ಚಾಂಪಿಯನ್‌ಷಿಪ್ಸ್ ಎಂಬ ಹೆಸರಿನಲ್ಲಿ ಸ್ಪರ್ಧಾಸರಣಿಯನ್ನು ತಾವೇ ಕಟ್ಟಿಕೊಂಡರು. 2008ರ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಹೊರಟ ಮೊದಲ ಟೂರ್ ಆಫ್ ನೀಲಗಿರೀಸ್ ದಿನಗಟ್ಟಲೆಯ ಸೈಕಲ್ ಪ್ರವಾಸವನ್ನು ಈ ವರ್ಗಕ್ಕೆ ಪರಿಚಯಿಸಿತು. ಮಸಿನಗುಡಿಯಿಂದ ಊಟಿಗೆ 36 ತಿರುವುಗಳಲ್ಲಿ ಏರುವ ಕಲ್ಹಟ್ಟಿ ಘಾಟಿ ಅದರಿಂದಾಗಿ ಹೆಸರುವಾಸಿಯಾಯಿತು. ಮೊದಲ ಪ್ರವಾಹಕ್ಕೆ ಕಾಲಿದೆ, ಸಾಮಗ್ರಿಯಿಲ್ಲ. ಎರಡನೆಯದಕ್ಕೆ ಲಕ್ಷಾಂತರ ರೂಪಾಯಿಯ ಸೈಕಲ್ಲಿದೆ, ಭಾನುವಾರ ಮಾತ್ರ ಬಿಡುವಿದೆ. ಇವೆರಡೂ ಸಂಧಿಸುವ ತಾಣಗಳು ವಿರಳ. ವಿಜಯಪುರದಿಂದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಸುಮಾರು 200 ಕಿ.ಮೀ. ದಕ್ಷಿಣಕ್ಕೆ ಬಂದರೆ ಹೊಸಪೇಟೆ; ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗಿಗೆ ಹೊಸಪೇಟೆ. ಭೂಗೋಳವೇ ಒದಗಿಸಿಕೊಟ್ಟಿರುವ ಈ ಅನುಕೂಲವನ್ನು ಇದುವರೆಗೆ ಬಳಸಿಕೊಳ್ಳದಿರುವುದು ಆಶ್ಚರ್ಯಕರ.

ಸ್ಥಳೀಯ ವ್ಯಾಪಾರದ ದೃಷ್ಟಿಯಿಂದಲೂ ಇದನ್ನು ಪರಿಶೀಲಿಸಬಹುದು. ಈ ಭಾಗದ ವ್ಯವಹಾರ ಮೂರು ಆಧಾರಗಳ ಮೇಲೆ ನಿಂತಿದೆ: ಸಂಡೂರಿನ ಅದಿರು, ಕಂಪ್ಲಿಯ ಬತ್ತ, ಹಂಪಿಯ ಪ್ರವಾಸಿಗ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ ಲಾರಿ ಮಾಲೀಕರಿಂದ ಟೈರ್ ಅಂಗಡಿಯವರವರೆಗೆ, ಗ್ಯಾರೇಜಿನಿಂದ ಖಾನಾವಳಿಯವರೆಗೆ ಎಲ್ಲರೂ ತತ್ತರಿಸಿದರು. 2020ರಲ್ಲಿ ಸಾಂಕ್ರಾಮಿಕ ರೋಗ ಹಂಪಿಯನ್ನು ಬರಿದುಮಾಡಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಕಾಲುವೆಯ ನೀರನ್ನೇ ನಂಬಿದ ಅಕ್ಕಿ ಗಿರಣಿಗಳ ಎದೆ ನಡುಗಿತು. ಸೈಕಲ್ ಸ್ಪರ್ಧೆಯೊಂದು ಇಂತಹ ಆಘಾತಗಳಿಗೆ ಪರಿಹಾರವೆಂದು ಹೇಳುವುದು ಅಪಹಾಸ್ಯಕ್ಕೆ ಗುರಿಯಾಗುವ ಮಾತು. ಆದರೆ ಹಂಪಿಗೆ ಬಂದು, ವಿರೂಪಾಕ್ಷನ ದರ್ಶನ ಮಾಡಿ, ಕಲ್ಲಿನ ರಥದ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಅದೇ ದಿನ ಮರಳುವ ಪ್ರವಾಸಿಗನಿಗಿಂತ, ಎರಡು ರಾತ್ರಿ ತಂಗಿ, ಹೊಟ್ಟೆತುಂಬ ಉಂಡು, ಮಾರ್ಗ ಪರಿಚಯಕ್ಕೆಂದು ಹಿಂದಿನ ದಿನ ಕಂಪ್ಲಿಯವರೆಗೆ ಹೋಗಿಬರುವ ಸ್ಪರ್ಧಾಳು ಬೇರೆ ಬಗೆಯ ಗಿರಾಕಿ. ಊಹೆಗೆಂದು 40 ತಂಡಗಳನ್ನು ಇಟ್ಟುಕೊಂಡರೆ 160 ಸವಾರರು. ತಲೆಗೊಬ್ಬ ಸಂಗಡಿಗ ಬಂದರೆ 320 ಜನ. ಕೋಣೆಗಿಬ್ಬರಂತೆ ಎರಡು ರಾತ್ರಿಗೆ 320 ಕೋಣೆಗಳ ಬಾಡಿಗೆ. ಒಂದು ಪಟ್ಟಣದ ಆರ್ಥಿಕತೆಗೆ ಇದು ದೊಡ್ಡ ಮೊತ್ತವಲ್ಲ. ಆದರೆ ಬೇರೆಯವರ ಮರ್ಜಿಗೆ ಕಾಯದೆ ತಾವೇ ಹುಟ್ಟುಹಾಕಬಹುದಾದ ವ್ಯವಹಾರ ಇಂದು ಎಷ್ಟಿದೆ?

ಇನ್ನು ರಸ್ತೆಯ ಪ್ರಶ್ನೆ. ಇದನ್ನು ತೇಲಿಸಿ ಮಾತನಾಡುವುದರಲ್ಲಿ ಅರ್ಥವಿಲ್ಲ.

ಸಂಡೂರಿನ ಕಣಿವೆ ಸೈಕಲ್ ಸವಾರರಿಗೆ ಸ್ವರ್ಗಸಮಾನ. ಸುತ್ತ ಬೆಟ್ಟಗಳ ಕೋಟೆ, ಒಳಹೊಕ್ಕಲು ಗಂಡಿಗಳೆಂಬ ಕೆಲವೇ ಬಾಗಿಲುಗಳು, ನಾರಿಹಳ್ಳದ ನೀರು, ಕುಮಾರಸ್ವಾಮಿ ದೇವಾಲಯಕ್ಕೆ ಏರುವ ಘಾಟಿ ರಸ್ತೆ. ರಾಜ್ಯದ ಯಾವುದೇ ಸ್ಪರ್ಧೆಗೂ ಸರಿಸಾಟಿಯಾದ ಏರುಹಾದಿ ಅಲ್ಲಿದೆ. ಆದರೆ ಅದೇ ಹಾದಿಗಳಲ್ಲಿ ಅದಿರು ಲಾರಿಗಳ ಸಾಲೂ ಇದೆ. ತುಂಬಿದ ಲಾರಿಯ ಪಕ್ಕದಲ್ಲಿ ಇಳಿಜಾರಿನಲ್ಲಿ ಸಾಗುವ ಸೈಕಲ್ಲಿಗೆ ಉಳಿಯುವ ಜಾಗ ಮೊಳದಷ್ಟು. ಚೆಲ್ಲಿದ ಅದಿರಿನ ಪುಡಿಯ ಮೇಲೆ ಒಂದು ಹದ ಮಳೆ ಬಿದ್ದರೆ ಟಾರು ರಸ್ತೆ ಎಣ್ಣೆ ಹಚ್ಚಿದಂತಾಗುತ್ತದೆ. ತೆಳು ಟೈರಿನ ಸೈಕಲ್ ಅಲ್ಲಿ ನಿಲ್ಲದು. ಆದ್ದರಿಂದ ಲಾರಿ ಸಂಚಾರ ಸಂಪೂರ್ಣ ನಿಂತಲ್ಲದೆ ಸಂಡೂರು ಮಾರ್ಗದಲ್ಲಿ ಸ್ಪರ್ಧೆ ನಡೆಸುವುದು ಬೇಜವಾಬ್ದಾರಿಯಾಗುತ್ತದೆ. ಸ್ವಯಂಸೇವಕನೊಬ್ಬ ಕೆಂಪು ಬಾವುಟ ಹಿಡಿದು ನಿಂತರೆ ಸಾಕೆಂದು ನಂಬುವ ಸಂಘಟಕರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಹಾಗಾದರೆ ಲಾರಿಗಳನ್ನು ನಿಲ್ಲಿಸುವವರು ಯಾರು? ಜಿಲ್ಲಾಡಳಿತ ಆದೇಶ ಹೊರಡಿಸಬಹುದು. ಆದರೆ ಒಂದು ಮುಂಜಾನೆಯ ಬಾಡಿಗೆ ಕಳೆದುಕೊಳ್ಳುವ ಮಾಲೀಕನ ಸಮ್ಮತಿಯಿಲ್ಲದ ಆದೇಶ ಮೊದಲ ವರ್ಷ ನಡೆದೀತು, ಎರಡನೆಯ ವರ್ಷ ನಡೆಯದು. 2011ರಲ್ಲಿ ಕಂತು ಕಟ್ಟಲಾಗದೆ ಲಾರಿಗಳನ್ನು ಸಾಲದಾತರಿಗೆ ಒಪ್ಪಿಸಿದ ನೆನಪು ಹಸಿಯಾಗಿರುವವರ ಎದುರು ‘ಒಂದು ದಿನ ತಾನೆ’ ಎಂದು ಹಗುರವಾಗಿ ನುಡಿಯುವುದು ಸಲ್ಲದು. ಉಪಾಯವಿಲ್ಲದಿಲ್ಲ. ಅದಿರು ಸಾಗಣೆಗೆ ನೀಡುವ ಪರವಾನಗಿಗೆ ಕಾಲಮಿತಿ ಇರುತ್ತದೆ. ನಿಗದಿತ ಭಾನುವಾರದ ಬೆಳಗಿನ ಅವಧಿಗೆ ಪರವಾನಗಿಯನ್ನೇ ನೀಡದೆ, ಆ ಸರಕನ್ನು ಹಿಂದಿನ ಮತ್ತು ಮುಂದಿನ ದಿನಗಳಿಗೆ ಹಂಚುವಂತೆ ತಿಂಗಳ ಮೊದಲೇ ಗಣಿ ಇಲಾಖೆ, ಗಣಿ ಗುತ್ತಿಗೆದಾರರು, ಉಕ್ಕಿನ ಕಾರ್ಖಾನೆಗಳು ಒಪ್ಪಿಕೊಂಡರೆ ಟ್ರಿಪ್ಪು ಮುಂದಕ್ಕೆ ಹೋಗುತ್ತದೆಯೇ ಹೊರತು ನಷ್ಟವಾಗುವುದಿಲ್ಲ. ಇದಕ್ಕೆ ಲಾರಿ ಮಾಲೀಕರು ಸಂಘಟನಾ ಸಮಿತಿಯ ಒಳಗಿರಬೇಕು. ಹೊರಗಿನಿಂದ ಮನವಿ ಸ್ವೀಕರಿಸುವವರಾಗಿ ಅಲ್ಲ. ಈ ಒಪ್ಪಿಗೆ ಬರಹದಲ್ಲಿ ದೊರಕುವವರೆಗೂ ಸಂಡೂರಿನ ಏರುಹಾದಿಯ ಆಸೆಯನ್ನು ಬದಿಗಿಡುವುದೇ ವಿವೇಕ.

ಆರಂಭಕ್ಕೆ ಕಂಪ್ಲಿಯ ದಿಕ್ಕು ಸೂಕ್ತ. ಹೊಸಪೇಟೆಯಿಂದ ಕಮಲಾಪುರದ ಮೂಲಕ ಕಂಪ್ಲಿಗೆ ಸುಮಾರು 30 ಕಿ.ಮೀ.; ಕಂಪ್ಲಿ ಪೇಟೆಯೊಳಗೆ ನುಗ್ಗದೆ ಊರ ಹೊರಗೇ ತಿರುಗಿಸಿದರೆ ಹೋಗಿಬರಲು 60 ಕಿ.ಮೀ.ಗೂ ಕಡಿಮೆ. ಬಹುತೇಕ ಸಮತಟ್ಟು, ಎರಡೂ ಬದಿಗೆ ಬತ್ತ, ಬಾಳೆ, ಕಬ್ಬು. ತಂಡ ಸಮಯ ಸ್ಪರ್ಧೆಗೆ ಇಂತಹ ಹಾದಿಯೇ ಬೇಕು. ಬೆಳಿಗ್ಗೆ 6.30ಕ್ಕೆ ಮೊದಲ ತಂಡ ಹೊರಟು, ಎರಡೆರಡು ನಿಮಿಷಕ್ಕೊಂದರಂತೆ 40 ತಂಡಗಳನ್ನು ಬಿಟ್ಟರೆ ಕೊನೆಯದು 7.48ಕ್ಕೆ ಹೊರಡುತ್ತದೆ. ಗಂಟೆಗೆ 30 ಕಿ.ಮೀ.ಯಂತೆ ಸಾಗುವ ನಿಧಾನದ ತಂಡವೂ ಎರಡು ಗಂಟೆಯಲ್ಲಿ ಮುಗಿಸುತ್ತದೆ. ಹತ್ತು ಗಂಟೆಗೆ ಮೊದಲೇ ರಸ್ತೆ ಸಾರ್ವಜನಿಕರಿಗೆ ಮರಳುತ್ತದೆ. ನೂರಾರು ಸವಾರರು ಒಟ್ಟಿಗೆ ನುಗ್ಗುವ ಸಾಮೂಹಿಕ ಸ್ಪರ್ಧೆಗೆ ಹೋಲಿಸಿದರೆ ಬೀಳುವ ಅಪಾಯ ಇದರಲ್ಲಿ ಬಹಳ ಕಡಿಮೆ, ಏಕೆಂದರೆ ಒಂದು ಹೊತ್ತಿಗೆ ಒಂದು ಕಡೆ ನಾಲ್ವರೇ ಇರುತ್ತಾರೆ.

ದಿನಾಂಕದ ಆಯ್ಕೆಯಲ್ಲಿ ಎಚ್ಚರ ಬೇಕು. ನವೆಂಬರ್–ಡಿಸೆಂಬರ್ ಹವೆಗೆ ಹಿತವಾದರೂ ಅದು ಮುಂಗಾರು ಬತ್ತದ ಕಟಾವಿನ ಕಾಲ. ರೈತರು ರಸ್ತೆಯ ಅರ್ಧಕ್ಕೆ ಬತ್ತ ಹರಡಿ ಒಣಗಿಸುತ್ತಾರೆ; ಕಟಾವು ಯಂತ್ರಗಳು, ಟ್ರ್ಯಾಕ್ಟರುಗಳು ಬೆಳಗಾಗುವ ಮೊದಲೇ ರಸ್ತೆಗಿಳಿಯುತ್ತವೆ. ವರ್ಷದ ಅನ್ನವನ್ನು ಒಣಗಿಸುತ್ತಿರುವವನನ್ನು ಸೈಕಲ್ಲಿಗಾಗಿ ಎಬ್ಬಿಸುವುದು ನ್ಯಾಯವಲ್ಲ. ಹಂಪಿ ಉತ್ಸವದ ದಿನಗಳಲ್ಲಿ ವಸತಿಗೃಹಗಳು ತಾವಾಗಿಯೇ ತುಂಬಿರುತ್ತವೆ, ಪೊಲೀಸರಿಗೂ ಬಿಡುವಿರುವುದಿಲ್ಲ. ಬೇಸಿಗೆಯ ಮಾತೇ ಬೇಡ. ಇವೆಲ್ಲವನ್ನೂ ಕಳೆದು ಉಳಿಯುವುದು ಸಂಕ್ರಾಂತಿಯ ಜನಸಂದಣಿ ಕರಗಿದ ನಂತರದ ಭಾನುವಾರ.

ಹಂಪಿಯ ವಿಷಯದಲ್ಲಿ ಉತ್ಸಾಹಕ್ಕೆ ಕಡಿವಾಣ ಇರಲಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕ್ಷೇತ್ರ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು ಎಂಬುದನ್ನು ಮರೆಯಬಾರದು. ಸ್ಮಾರಕಗಳ ನಡುವೆ ಸ್ಪರ್ಧೆ ಓಡಿಸಿ, ಕಮಾನು ಕಟ್ಟಿ, ಧ್ವನಿವರ್ಧಕ ಹಾಕುವ ಆಸೆ ಜಾಹೀರಾತುದಾರರಿಗೆ ಸಹಜ. ಅದಕ್ಕೆ ಮಣಿಯಬಾರದು. ಹಿಂದಿನ ದಿನ ಸಂಜೆ ಸವಾರರು, ಅವರ ಕುಟುಂಬದವರು ಬಾಡಿಗೆ ಸೈಕಲ್ ಹಿಡಿದು ಹಂಪಿಯಲ್ಲಿ ನಿಧಾನವಾಗಿ ಸುತ್ತಲಿ. ಅಲ್ಲಿನ ಬಾಡಿಗೆ ಸೈಕಲ್ಲಿನವನಿಗೂ ನಾಲ್ಕು ಕಾಸು ಸಿಗಲಿ. ಗಡಿಯಾರ ಕಮಲಾಪುರದ ಮುಖ್ಯರಸ್ತೆಯಲ್ಲೇ ಇರಲಿ.

ಆಡಳಿತದ ತೊಡಕೊಂದು ಹೊಸದಾಗಿ ಹುಟ್ಟಿಕೊಂಡಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ಈ ನಾಲ್ಕೂ ಊರುಗಳಿಗೆ ಒಬ್ಬರೇ ಜಿಲ್ಲಾಧಿಕಾರಿ ಇದ್ದರು. ಈಗ ಹೊಸಪೇಟೆ ಮತ್ತು ಹಂಪಿ ವಿಜಯನಗರಕ್ಕೆ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಗೆ. ಎರಡು ಜಿಲ್ಲಾಧಿಕಾರಿ ಕಚೇರಿ, ಎರಡು ಪೊಲೀಸ್ ವರಿಷ್ಠಾಧಿಕಾರಿ ಕಚೇರಿ. ಗಡಿ ದಾಟಿದೊಡನೆ ಬಂದೋಬಸ್ತು ಬದಲಾಗುವ ಸ್ಪರ್ಧೆ ಅಪಘಾತಕ್ಕೆ ಆಹ್ವಾನ. ಒಂದು ಅರ್ಜಿ, ಎರಡು ಪ್ರತಿ, ಒಂದು ಜಂಟಿ ಸಭೆ. ಇಷ್ಟನ್ನು ಸಾಧಿಸಲು ವಾಣಿಜ್ಯೋದ್ಯಮ ಸಂಸ್ಥೆಯಂತಹ ಮಧ್ಯವರ್ತಿಗೆ ಇರುವ ಶಕ್ತಿ ಯಾವ ಸೈಕಲ್ ಕ್ಲಬ್ಬಿಗೂ ಇಲ್ಲ.

ಹಣಕಾಸಿನ ವಿಚಾರದಲ್ಲಿ ಓದುಗರು ಗೊಂದಲಕ್ಕೊಳಗಾಗುವ ಸ್ಥಳಗಳಿವೆ. ದೊಡ್ಡ ಗಣಿ ಮತ್ತು ಉಕ್ಕು ಕಂಪನಿಗಳು 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ ಸಾಮಾಜಿಕ ಹೊಣೆಗಾರಿಕೆಗೆ ಹಣ ವಿನಿಯೋಗಿಸಬೇಕು. ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಹಾಗೂ ಒಲಿಂಪಿಕ್ ಕ್ರೀಡೆಗಳ ತರಬೇತಿ ಸೇರಿದೆ. ಆದರೆ ತಮ್ಮ ಉತ್ಪನ್ನಕ್ಕೆ ಪ್ರಚಾರ ಪಡೆಯುವ ಪ್ರಾಯೋಜಕತ್ವ ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮ ಸ್ಪಷ್ಟಪಡಿಸಿದೆ. ಬ್ಯಾನರಿಗೆ ಕೊಟ್ಟ ಹಣ ಬೇರೆ, ಸಂಡೂರಿನ ಹುಡುಗ ಹುಡುಗಿಯರಿಗೆ ವರ್ಷವಿಡೀ ತರಬೇತಿ ಕೊಡಿಸಲು ನೀಡಿದ ಹಣ ಬೇರೆ. ಇವೆರಡನ್ನೂ ಒಂದೇ ರಸೀದಿಯಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ. ಸಣ್ಣ ವ್ಯಾಪಾರಿಗೆ 135ನೇ ಕಲಮಿನ ಬಾಧೆಯಿಲ್ಲ. ಅವನ ಖರ್ಚು ಜಾಹೀರಾತಿನ ಖರ್ಚು. ಆದರೆ ಜಿಎಸ್‌ಟಿಯಲ್ಲಿ ಒಂದು ಸೂಕ್ಷ್ಮವಿದೆ. ಪ್ರಾಯೋಜಕತ್ವ ಪಡೆಯುವ ಕ್ಲಬ್ಬು ಕಂಪನಿಯಂತಹ ನಿಗಮಿತ ಸಂಸ್ಥೆಯಾಗಿಲ್ಲದಿದ್ದು, ಹಣ ಕೊಡುವವರು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ, ಶೇಕಡ 18ರ ತೆರಿಗೆಯನ್ನು ರಿವರ್ಸ್ ಚಾರ್ಜ್ ಮೇರೆಗೆ ಕೊಡುವವರೇ ಕಟ್ಟಬೇಕು. ಕ್ಲಬ್ಬು ನಿಗಮಿತ ಸಂಸ್ಥೆಯಾಗಿದ್ದರೆ 2025ರ ಜನವರಿ 16ರಿಂದ ಈ ಹೊಣೆ ಕ್ಲಬ್ಬಿನದು. ಮಾನ್ಯತೆ ಪಡೆದ ಕ್ರೀಡಾ ಸಂಸ್ಥೆಗಳು ನಡೆಸುವ, ತಂಡಗಳು ಜಿಲ್ಲೆ ಅಥವಾ ರಾಜ್ಯವನ್ನು ಪ್ರತಿನಿಧಿಸುವ ಕ್ರೀಡಾಕೂಟಗಳಿಗೆ ವಿನಾಯಿತಿ ಉಂಟು. ಗಿರಣಿ, ಗ್ಯಾರೇಜು, ಮಂಡಿಗಳ ಹೆಸರಿನ ತಂಡಗಳಿಗೆ ಅದು ಅನ್ವಯಿಸದು. ಹತ್ತು ಸಾವಿರ ಕೊಟ್ಟು ಎರಡು ವರ್ಷದ ನಂತರ ಬಡ್ಡಿಸಹಿತ ನೋಟಿಸು ಪಡೆದವನು ಮುಂದೆ ಯಾವ ಕ್ರೀಡೆಗೂ ಕೈಯೆತ್ತಿ ಕೊಡುವುದಿಲ್ಲ. ಸ್ಪರ್ಧೆಯ ಜಮಾಖರ್ಚನ್ನು ಮೂವತ್ತು ದಿನಗಳೊಳಗೆ ಲೆಕ್ಕಪರಿಶೋಧನೆ ಮಾಡಿಸಿ ಪ್ರತಿಯೊಬ್ಬ ದಾನಿಗೂ ಕಳುಹಿಸುವುದು ಕಡ್ಡಾಯವಾಗಲಿ. ಈ ಭಾಗದಲ್ಲಿ ದೇಣಿಗೆ ಕೇಳಿ ಬರುವವರು ಬಹಳ, ಲೆಕ್ಕ ಕೊಡಲು ಬರುವವರು ವಿರಳ.

ಬಹುಮಾನದ ಹಂಚಿಕೆಯನ್ನೂ ಮೊದಲೇ ಬರೆದಿಡಬೇಕು. ಕರಾರಿಲ್ಲದಿದ್ದಲ್ಲಿ ಪಾಲುದಾರರು ಲಾಭವನ್ನು ಸಮನಾಗಿ ಹಂಚಿಕೊಳ್ಳತಕ್ಕದ್ದು ಎಂದು 1932ರ ಪಾಲುದಾರಿಕೆ ಕಾಯ್ದೆಯ 13ನೇ ಕಲಮು ಹೇಳುತ್ತದೆ. ತಂಡದ ನಾಯಕನ ಕೈಗೆ ದೊಡ್ಡ ಅಟ್ಟೆಯ ಚೆಕ್ಕು ಕೊಟ್ಟು ಛಾಯಾಚಿತ್ರ ತೆಗೆಸುವ ಪದ್ಧತಿಯನ್ನು ಬಿಟ್ಟು, ನಾಲ್ವರ ಬ್ಯಾಂಕ್ ಖಾತೆಗೂ ಸಮಪಾಲನ್ನು ನೇರವಾಗಿ ಜಮೆ ಮಾಡಲಿ. ನಡುದಾರಿಯಲ್ಲಿ ಕಳಚಿಬಿದ್ದ ನಾಲ್ಕನೆಯವನಿಗೂ ಸಮಪಾಲು. ಅವನು ಮೊದಲ 40 ಕಿ.ಮೀ. ಗಾಳಿಗೆ ಎದೆಯೊಡ್ಡಿ ತನ್ನನ್ನೇ ಖರ್ಚುಮಾಡಿಕೊಂಡದ್ದರಿಂದಲೇ ಉಳಿದ ಮೂವರು ಮುಟ್ಟಿರಬಹುದು.

ತಂಡಗಳ ರಚನೆಯಲ್ಲೇ ಈ ಪ್ರಸ್ತಾವದ ಸ್ವಾರಸ್ಯವಿದೆ. ಒಂದು ವಿಭಾಗ ವಿಜಯಪುರ, ಬೆಂಗಳೂರುಗಳಿಂದ ಬರುವ ನುರಿತವರಿಗೆ ಇರಲಿ. ಇನ್ನೊಂದು ವಿಭಾಗ ಸ್ಥಳೀಯ ಸಂಸ್ಥೆಗಳಿಗೆ: ನಾಲ್ವರಲ್ಲಿ ಮಾಲೀಕ ಅಥವಾ ಪಾಲುದಾರ ಒಬ್ಬ, ನೌಕರರು ಮೂವರು. ಮೂರನೆಯದು ಗೇರಿಲ್ಲದ ಸಾಮಾನ್ಯ ದೇಶೀ ಸೈಕಲ್ಲಿಗೆ. ಹಾಲಿನ ಕ್ಯಾನು ಕಟ್ಟಿಕೊಂಡು, ಪತ್ರಿಕೆಯ ಕಟ್ಟು ಹೊತ್ತು ದಿನಾ ತುಳಿಯುವವರಿಗೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿರುವುದರಿಂದ ಸ್ಥಳೀಯ ಸೈಕಲ್ ಅಂಗಡಿಯವರೂ ಈ ವಿಭಾಗಕ್ಕೆ ಆಸಕ್ತಿಯಿಂದ ಮುಂದೆ ಬಂದಾರು.

ಎರಡನೆಯ ವಿಭಾಗದ ಬಗ್ಗೆ ಕೆಲವರು ನಕ್ಕಾರು. ಐವತ್ತು ದಾಟಿದ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಗಿರಣಿ ಮಾಲೀಕನು ತನ್ನ ಹಮಾಲರೊಡನೆ 60 ಕಿ.ಮೀ. ತುಳಿಯುವುದುಂಟೆ? ವೈದ್ಯರ ಪ್ರಮಾಣಪತ್ರ ಕಡ್ಡಾಯವೆಂಬುದು ನಿಜ. ಆದರೆ ಲೇತ್ ಯಂತ್ರದ ಮುಂದೆ ಹತ್ತು ತಾಸು ನಿಲ್ಲುವ ಹುಡುಗನೂ ಅವನಿಗೆ ಸಂಬಳದ ಚೀಟಿ ಬರೆಯುವವನೂ ಒಂದೇ ಸಾಲಿನಲ್ಲಿ ಇರಬೇಕಾಗಿ ಬಂದಾಗ ಏನಾಗುತ್ತದೆ ಎಂಬುದನ್ನು ಊಹಿಸಬಹುದು. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಮುಂದಿರುವವನು ಆ ಹುಡುಗನೇ ಆಗಿರುತ್ತಾನೆ. ಮಾಲೀಕ ಮಾಡಬೇಕಾದದ್ದು ಒಂದೇ: ಆ ಚಕ್ರವನ್ನು ಬಿಡದೆ ಹಿಡಿದಿರುವುದು, ಕಷ್ಟವಾದಾಗ ‘ಸ್ವಲ್ಪ ನಿಧಾನ’ ಎಂದು ಕೂಗಿ ಹೇಳುವುದು. ಹೇಳಲು ಸಂಕೋಚಪಟ್ಟವನು ಕಳಚಿಕೊಳ್ಳುತ್ತಾನೆ. ಹುಡುಗನೂ ಒಂದಷ್ಟು ಹಿಂದೆ ತಿರುಗಿ ನೋಡುವುದನ್ನು ಕಲಿಯಬೇಕು. ಮೂರನೆಯವನಾಗಿ ಗೆರೆ ದಾಟುವವನು ಮಾಲೀಕನೇ ಆಗಬಹುದು. ಆಗ ತಂಡದ ಸಮಯ ಅವನ ಸಮಯ.

ಸಂಕ್ರಾಂತಿಯ ನಂತರದ ಭಾನುವಾರಕ್ಕೆ ಸ್ಪರ್ಧೆ ನಡೆಯಬೇಕಾದರೆ ದಸರೆಗೆ ಮೊದಲೇ ಮೂರು ಪತ್ರಗಳು ಹೊರಡಬೇಕು: ಎರಡು ಜಿಲ್ಲಾಧಿಕಾರಿಗಳಿಗೆ, ಒಂದು ಲಾರಿ ಮಾಲೀಕರ ಸಂಘಕ್ಕೆ. ಕಂಪ್ಲಿ ಮಾರ್ಗಕ್ಕೆ ಮೂರನೆಯ ಪತ್ರದ ಅಗತ್ಯ ಅಷ್ಟಾಗಿ ಇಲ್ಲ. ಆದರೂ ಅದನ್ನೇ ಮೊದಲು ಬರೆಯುವುದು ಲೇಸು.